ಅಜ್ಜನ ಕೆಮ್ಮು, ಫೌಜಿನ ಗುಳಿಗೆ

ಪುಟ್ಟಿ, ಬಾಳ್ಯಾ, ನಿಮ್ಮ ಅಜ್ಜ ಫೌಜಿನಲ್ಲಿದ್ದದ್ದು ನಿಮಗೆ ಗೊತ್ತು. ಒಮ್ಮೆ ಕಾಯಿಲೆ ಮುಚ್ಚಿಟ್ಟು ಡ್ಯೂಟಿಗೆ ಹೊರಟಿದ್ದು ಗೊತ್ತಿಲ್ಲ. ಬಾಯಿಂದ ಹೇಳಲು ನಿಮ್ಮ ಅಜ್ಜಿಯಾದ ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ. ರಜೆಗೆಂದು ಅಕ್ಕಲಕೋಟೆಗೆ ಬಂದವರು ಕೆಮ್ಮುತ್ತಲೇ ಇದ್ದರು. ಸೋಲಾಪುರದಲ್ಲಿ ಎದೆಯ ಫೋಟೋ ತೆಗೆಸಿದಾಗ ಕ್ಷಯವೆಂದು ತಿಳಿಯಿತು. ಖಾಸಗಿ ಡಾಕ್ಟರು ಕೊಟ್ಟ ಗುಳಿಗೆಯಿಂದ ಜ್ವರ ಇಳಿದದ್ದೇ ತಡ, ಗುಳಿಗೆ ಬಿಟ್ಟುಬಿಟ್ಟರು. ರಜೆಯೂ ಮುಗಿಯುತ್ತ ಬಂದಿತ್ತು.

ರಜೆಯಲ್ಲಿ ಬೇನೆ ಬಿದ್ದ ಸಿಪಾಯಿ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಿ ಹೇಳಬೇಕು. ನಮಗೆ ಹತ್ತಿರವೆಂದರೆ ಪುಣೆ. ಅಲ್ಲಿ ಪುಕ್ಕಟೆ ಔಷಧ ಕೊಡುವುದಲ್ಲದೆ, ಯಾರು ಎಂಥ ಕೆಲಸಕ್ಕೆ ಗಟ್ಟಿ ಎಂದು ದರ್ಜೆಯನ್ನೂ ಹಾಕುತ್ತಾರೆ. ಅದಕ್ಕೆ ಕ್ಯಾಟಗರಿ ಎನ್ನುತ್ತಿದ್ದರು. ಅದು ಇಳಿದರೆ ಬಡ್ತಿಯಾದಾಗ ತೋಳಿಗೆ ಹಚ್ಚುವ ಹವಾಲ್ದಾರನ ಪಟ್ಟಿ ತಪ್ಪುತ್ತದೆಂದು ಹೆದರಿ, ಅವರು ಪುಣೆಗೆ ಹೋಗದೆ ನೇರ ಪಲ್ಟನ್ನಿಗೇ ಹೊರಡಲು ಸಿದ್ಧರಾದರು.

ಮಾವನವರದು ಕಿರಾಣಿ ವ್ಯಾಪಾರ. "ಪುಕಟ ಔಷಧದಾಗ ಏನ್ ದಮ್ ಇರ್ತದ?" ಎಂದು ಅವರೂ ಮಗನ ಪರವಾದರು.

ನಮ್ಮಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವಂತಿರಲಿಲ್ಲ. ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಮುಟ್ಟಿಸಬೇಕು. ಅಂದು ಸೆರಗು ಎಳೆದುಕೊಂಡು ನಾನೇ ಪಡಸಾಲೆಗೆ ಬಂದೆ.

"ಮಾಮಾ, ಇವರು ಟ್ರಂಕ್ ತುಂಬ್ಯಾರ್ರಿ. ಹೋಗೂದಿದ್ರ ಪುಣೆ ದವಾಖಾನಿಗೇ ಹೋಗ್ಲಿ. ಇಲ್ಲಂದ್ರ ಪಲ್ಟನ್ನಿಗೆ ನಾನೇ ತಂತಿ ಹೊಡದು ಇವರ ಬ್ಯಾನಿ ತಿಳಸ್ತೀನ್ರಿ."

ಮಾವನವರು ಅತ್ತೆಯ ಮುಖ ನೋಡಿದರು. "ಇಕಿಗಿ ಬಾಯಿ ಅದ ಅಂತ ಗೊತ್ತೇ ಇದ್ದಿಲ್ಲ!"

"ಗೊತ್ತಾತಲ್ಲ? ಈಗರೆ ಕೇಳ್ರಿ," ಎಂದರು ಅತ್ತೆ.

"ನನ್ನ ಪಟ್ಟಿ ಹೋಗ್ತದ!" ನಿಮ್ಮ ಅಜ್ಜ ಗದರಿದರು.

"ಹೋಗ್ಲಿ. ಬ್ಯಾರಕ್ಕಿನಾಗ ನಿಮ್ಮ ಮಗ್ಗಲ ಮಲಗೋರಿಗೂ ಈ ಬ್ಯಾನಿ ಹಚ್ಚವರೇನು?"

ಆ ಮಾತಿಗೆ ಅವರು ಪುಣೆಗೆ ಹೊರಡಲು ಒಪ್ಪಿದರು. ಜೊತೆಯವರೆಂದರೆ ಅವರಿಗೆ ಜೀವ. ಮರುದಿನ ಇಬ್ಬರೂ ಸೋಲಾಪುರದಲ್ಲಿ ಪುಣೆಯ ರೈಲು ಹತ್ತಿದೆವು.

ಅಲ್ಲಿ ದಿನವೂ ಸಿಸ್ಟರ್ ಎದುರಿಗೆ ನಿಂತು ಗುಳಿಗೆ ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದರು. ನಡುವೆ ಬಿಡುವ ಮಾತೇ ಇಲ್ಲ. ಮೊಟ್ಟೆ ತಿನ್ನದ ಇವರಿಗೆ ಹಾಲು ಹೆಚ್ಚು ಕೊಡುತ್ತಿದ್ದರು. ಡಾಕ್ಟರ್ ಸಾಹೇಬರು ಬಂದರೆ ಹಾಸಿಗೆಯಲ್ಲೂ ನೆಟ್ಟಗೆ ಇರಬೇಕು. ನೋಡಿ ನನಗೆ ನಗು ಬಂದಿತ್ತು.

ಕ್ಯಾಟಗರಿ ಇಳಿದೇ ಇಳಿಯಿತು. ಪಟ್ಟಿ ಆ ವರ್ಷ ಬರಲಿಲ್ಲ, ಅವರು ನನ್ನ ಮೇಲೆ ಮುನಿಸಿಕೊಂಡೂ ಇದ್ದರು. ಪೂರ್ತಿ ವಾಸಿಯಾದ ಮೇಲೆ ಮತ್ತೆ ತಪಾಸಣೆ ಮಾಡಿ ದರ್ಜೆ ಏರಿಸಿದರು, ಪಟ್ಟಿಯೂ ಬಂತು. ನೌಕರಿ ಮುಗಿಸಿ ಗಟ್ಟಿಮುಟ್ಟಾಗಿ ಮನೆಗೆ ಬಂದು ನಿಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ತಿರುಗಿದರು.

ನಿಮಗೆ ಮರಾಠಿಯಷ್ಟು ಸಲೀಸಾಗಿ ಕನ್ನಡ ಓದಲು ಬಾರದು. ಆದರೂ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಜೋಪಾನವಾಗಿಡಿ.