ಎಲ್ಲರೂ ಉಲ್ಲೇಖಿಸಿದ ಪ್ರಬಂಧ

ನನ್ನ ಸಂಶೋಧನಾ ಪ್ರಬಂಧಗಳನ್ನು ಬೇರೆ ಸಂಶೋಧಕರು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ದಿನಾ ಬೆಳಿಗ್ಗೆ ಕಾಫಿಗೂ ಮೊದಲೇ ನೋಡುವ ಚಟ ನನಗಿತ್ತು. ಅದರಲ್ಲಿ ಒಂದು ಪ್ರಬಂಧವಂತೂ ಮಿಕ್ಕವನ್ನೆಲ್ಲ ಹಿಂದೆ ಹಾಕಿ ಓಡುತ್ತಿತ್ತು. ಯಳಂದೂರಿನ ಮೇಲಿನ ಕಾಡಂಚಿನಲ್ಲಿ ಸಿಗುವ ಒಂದು ಬೇರಿನ ರಸವನ್ನು ಲಿವರಿನ ಜೀವಕೋಶಗಳ ಮೇಲೆ ಹಾಕಿ, ಅವಕ್ಕೇನೂ ಆಗುವುದಿಲ್ಲ ಎಂದು ತೋರಿಸಿದ್ದೆ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುವಾಗಿನ ಕೆಲಸ. ಅದನ್ನೇ ಹಿಡಿದುಕೊಂಡು ಕೊಳ್ಳೇಗಾಲದ ಕಾಲೇಜಿಗೆ ಬಂದೆ, ಅದನ್ನೇ ಹಿಡಿದುಕೊಂಡು ಮೆರೆದೆ. ಸ್ಟಾಫ್ ರೂಮಿನಲ್ಲಿ "ಏನ್ ಮೇಡಂ, ಇವತ್ತೆಷ್ಟು ಏರಿತು?" ಎಂದು ಛೇಡಿಸುತ್ತಿದ್ದರು. ಜಂಬಕ್ಕೇನೂ ಕಡಿಮೆಯಿರಲಿಲ್ಲ ನನಗೆ.

ಆ ಜೀವಕೋಶಗಳು ಬಂದ ಬಗೆ ಹೇಳಬೇಕು. ಕೊಂಡು ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಈಸಿಕೊಂಡ ಹಾಗೆ, ಪಕ್ಕದ ಲ್ಯಾಬಿನಿಂದ ಒಂದು ಬಾಟಲಿ ಈಸಿಕೊಂಡು ಬೆಳೆಸುತ್ತಿದ್ದೆವು. ಬಾಟಲಿಯ ಮೇಲೆ 'ಲಿವರ್' ಎಂದು ಬರೆದಿತ್ತು. ಒಳಗಿರುವುದು ನಿಜಕ್ಕೂ ಅದೇನಾ ಎಂದು ಪರೀಕ್ಷೆ ಮಾಡಿಸಬೇಕು, ನಾನು ಮಾಡಿಸಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನುವುದು ಬರೀ ಸಬೂಬು.

ಹೋದ ವರ್ಷ ಹೂಗ್ಯಂನಿಂದ ನನ್ನ ಚಿಕ್ಕಮ್ಮ ಬಂದಳು. ಅಮ್ಮ ಹೋದಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳೇ. ಚೀಲದಿಂದ ಒಂದು ಪುಡಿ ಪ್ಯಾಕೆಟ್ ತೆಗೆದಳು. ಮಂಡಿ ನೋವಿಗೆಂದು ಹನೂರಿನ ಅಂಗಡಿಯಲ್ಲಿ ಆಗತಾನೇ ಕೊಂಡದ್ದು. ಅದೇ ಬೇರು. ಹಿಂಬದಿಯಲ್ಲಿ ನನ್ನ ಪ್ರಬಂಧದ ಶೀರ್ಷಿಕೆ, ಅದರ ಕೆಳಗೆ ನನ್ನ ಹೆಸರು.

"ಅಂಗ್ಡಿಯವ್ನೇ ಓದಿ ಏಳ್ದ ಕಣವ್ವ. ಲಿವರ್‌ಗೇನೂ ಆಗಲ್ಲ ಅಂತ ನೀನೇ ಬರ್ದಿದ್ದೀಯಂತಲ್ಲ!"

ಬೇಡ ಅನ್ನಬೇಕಿತ್ತು. ಲ್ಯಾಬಿನ ತಟ್ಟೆಯಲ್ಲಿಟ್ಟ ಕೋಶ ಬೇರೆ, ಮನುಷ್ಯರ ಹೊಟ್ಟೆ ಬೇರೆ ಎಂದಾದರೂ ಹೇಳಬೇಕಿತ್ತು. ನಾನು, ನನ್ನ ಬುದ್ಧಿಗಷ್ಟು ಬೆಂಕಿ ಬೀಳ, ಪ್ಯಾಕೆಟ್ಟಿನ ಫೋಟೊ ತೆಗೆದುಕೊಂಡೆ.

ಆರೇಳು ತಿಂಗಳಾದ ಮೇಲೆ ಒಂದು ಇಮೇಲ್ ಬಂತು. ಯಾರೋ ಪರದೇಶದ ಸಂಶೋಧಕಿ. ನಿಮ್ಮ ಚಿತ್ರಗಳಲ್ಲಿರುವ ಕೋಶಗಳು ಲಿವರಿನವಂತೆ ಕಾಣುತ್ತಿಲ್ಲ, ದಯವಿಟ್ಟು ಪರೀಕ್ಷಿಸಿ ಎಂದು ಬರೆದಿದ್ದಳು. ಹಳೆಯ ಲ್ಯಾಬಿನ ಫ್ರೀಜರಿನಲ್ಲಿ ಆಗಿನ ಒಂದು ಸೀಸೆ ಉಳಿದಿತ್ತು, ಪರೀಕ್ಷೆಗೆ ಕಳಿಸಿದೆ. ಉತ್ತರ ಬಂತು. ಅವು ಲಿವರಿನವಲ್ಲ. ಯಾವತ್ತೋ ಬಾಟಲಿಯೊಳಗೆ ಸೇರಿಕೊಂಡು ಮಿಕ್ಕವನ್ನೆಲ್ಲ ಅಳಿಸಿ ಬೆಳೆದ ಯಾವುದೋ ಕ್ಯಾನ್ಸರಿನ ಕೋಶಗಳು, ಏನು ಸುರಿದರೂ ಸುಲಭಕ್ಕೆ ಸಾಯದ ಜಾತಿ. ಆ ಬೇರು ಲಿವರಿಗೆ ಏನು ಮಾಡುತ್ತದೆ ಎಂಬುದು ನನಗೆ ಯಾವತ್ತೂ ಗೊತ್ತೇ ಇರಲಿಲ್ಲ.

ನನ್ನ ಬಡ್ತಿಯ ಕಡತ ಆಗಷ್ಟೇ ಮೇಲೆ ಹೋಗಿತ್ತು. ಅದೊಂದು ಮುಗಿಯಲಿ, ಆಮೇಲೆ ಪ್ರಬಂಧ ತಪ್ಪೆಂದು ಅದನ್ನು ಪ್ರಕಟಿಸಿದ ಜರ್ನಲ್ಲಿಗೆ ಬರೆದರಾಯಿತು ಎಂದು ಮೂರು ವಾರ ಬಾಯಿಮುಚ್ಚಿಕೊಂಡಿದ್ದೆ. ಪುಡಿ ನಿಲ್ಲಿಸು ಎಂದು ಚಿಕ್ಕಮ್ಮನಿಗೂ ಫೋನು ಮಾಡಲಿಲ್ಲ. ಮಾಡಿದರೆ ಕಾರಣ ಹೇಳಬೇಕಲ್ಲ! ನಾಲ್ಕನೇ ವಾರ ತಡೆಯಲಾರದೆ ಹೂಗ್ಯಂ ಬಸ್ಸು ಹತ್ತಿದೆ. ಏನೂ ಆಗಿರುವುದಿಲ್ಲ, ಏನೂ ಆಗಿರುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಜಗಲಿಯ ಮೇಲೆ ಮಲಗಿದ್ದವಳು ತಲೆಯೆತ್ತಿದಳು. ಕಣ್ಣು ಅರಿಶಿನದ ಹಾಗಿತ್ತು.

"ಊಟ ಸೇರ್ತಿಲ್ಲ ಕಣವ್ವ, ಅಷ್ಟೇಯ. ಬಿಸ್ಲು ಜಾಸ್ತಿ."

ಅವತ್ತೇ ಅವಳನ್ನು ಕೊಳ್ಳೇಗಾಲಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ರಕ್ತದ ವರದಿ ನೋಡಿ ಮುಖ ಗಂಟಿಕ್ಕಿದರು. "ನಾಟಿ ಔಷಧಿ ಏನಾದರೂ ತಗೊಂಡಿದ್ದಾರಾ?" ಎಂದರು. ಪ್ಯಾಕೆಟ್ಟನ್ನು ಅವಳ ಮಂಚದ ಪಕ್ಕದ ಮೇಜಿನ ಮೇಲಿಟ್ಟೆ. ಅವರು ಹಿಂಬದಿ ಓದಿ, ಫೋನಿನಲ್ಲಿ ಹುಡುಕಿದರು.

"ಇದಲ್ಲ ಬಿಡಿ. ಇದರಿಂದ ಲಿವರಿಗೆ ತೊಂದರೆಯಿಲ್ಲ ಅಂತ ಪ್ರಬಂಧವೇ ಇದೆ. ಎಷ್ಟೊಂದು ಜನ ಉಲ್ಲೇಖಿಸಿದ್ದಾರೆ ನೋಡಿ." ಪ್ಯಾಕೆಟ್ಟನ್ನು ಪಕ್ಕಕ್ಕೆ ಸರಿಸಿ ಬೇರೆ ಪರೀಕ್ಷೆಗಳನ್ನು ಬರೆಯತೊಡಗಿದರು.

"ಸರ್, ಆ ಪ್ರಬಂಧ ತಪ್ಪು," ಎಂದೆ. "ಬರೆದವಳು ನಾನೇ."

ಅವರ ಪೆನ್ನು ನಿಂತಿತು. ಮಂಚದ ಮೇಲಿಂದ ಚಿಕ್ಕಮ್ಮ ಕೈಯೆತ್ತಿದಳು.

"ಅವ್ಳ್ ಮಾತ್ ಕೇಳ್ಬ್ಯಾಡಿ ಸಾ, ಎದ್ರುಕಂಡವ್ಳೆ. ನಮ್ ಉಡ್ಗಿ ತಪ್ ಬರ್ಯಲ್ಲ."

ಡಾಕ್ಟರು ಅವಳ ಕಡೆ ತಿರುಗಿದರು. "ಎಷ್ಟು ದಿನದಿಂದ ಈ ಪುಡಿ ತಗೊಳ್ತಿದ್ದೀರಮ್ಮ?"

"ಪ್ಯಾಕೆಟ್ ಮ್ಯಾಲೆ ಇವ್ಳ್ ಎಸ್ರು ಕಂಡ್ ದಿನದಿಂದ್ಲೂವೆ. ಒಂದಿನಾನೂ ತಪ್ಸಿಲ್ಲ ಸಾ," ಎಂದಳು ಚಿಕ್ಕಮ್ಮ, ಹೆಮ್ಮೆಯಿಂದ.