ವೈನಿಯ ದನಿ ಇದ್ದ ಲ್ಯಾಪ್‌ಟಾಪ್

ಗಂಟಲಿನ ಆಪರೇಷನ್ ಆದಮೇಲೆ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ದನಿ ಹೋಯಿತು. ಹೂಲಿಯಲ್ಲಿದ್ದ ಅವರ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಮುದುಕಿ ಎದೆಯೊಡೆದುಕೊಂಡಾಳೆಂದು ಯಾರೂ ವಿಷಯ ಹೇಳಲಿಲ್ಲ. ಕೆಟ್ಟ ಸುದ್ದಿಯನ್ನು ಹಿರಿಯರಿಂದ ಮುಚ್ಚಿಡುವುದೇ ನಮ್ಮಲ್ಲಿ ದೊಡ್ಡ ಪ್ರೀತಿ.

ಆಪರೇಷನ್ನಿಗೆ ಮುಂಚೆ ವೈನಿಯ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಅದನ್ನು ಬಳಸಿ ಪೈಥಾನ್‌ನಲ್ಲಿ ನನ್ನದೇ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆದೆ. ವೈನಿ ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪ್ ಅವರದೇ ದನಿಯಲ್ಲಿ ಆಡುತ್ತಿತ್ತು. ಹೀಗೆ ಫೋನಿನಲ್ಲಿ ತಾಯಿ-ಮಗಳ ಮಾತು ದಿನಾ ನಡೆಯಿತು. "ಯಾಕವಾ ಇಷ್ಟ ನಿಧಾನ ಮಾತಾಡಾಕ ಹತ್ತೀ, ಉಂಡಿಲ್ಲೇನು?" ಎಂದು ಮುದುಕಿ ಕೇಳಿದರೆ ವೈನಿ ಸದ್ದಿಲ್ಲದೆ ನಗುತ್ತಿದ್ದರು.

ಅದೇ ಲ್ಯಾಪ್‌ಟಾಪಿನಲ್ಲಿ ಅಣ್ಣನ ಕೆಲಸವೂ ಇತ್ತು. ಉಗರಗೋಳದಲ್ಲಿ ಅವನದು ಫೋಟೋ ಅಂಗಡಿ. ಗುಡ್ಡದ ದೇವಿಯ ದರ್ಶನಕ್ಕೆ ಬಂದವರ ಫೋಟೋದ ಹಿನ್ನೆಲೆ ಬದಲಿಸುವ ಪ್ರೋಗ್ರಾಮನ್ನೂ ನಾನೇ ಹಾಕಿಕೊಟ್ಟಿದ್ದೆ. ಎರಡಕ್ಕೂ ಒಂದೇ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಬೇಕು, ಆದರೆ ದನಿಗೆ ಅದರ ಹಳೆಯ ಆವೃತ್ತಿ, ಫೋಟೋಕ್ಕೆ ಹೊಸದು. ಒಂದೇ ಕಡೆ ಹಾಕಿದರೆ ಒಂದು ಬಂದಾಗ ಇನ್ನೊಂದು ಅಳಿಸಿಹೋಗುತ್ತದೆ. ಹಾಗಾಗಿ ಎರಡು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಒಳಗೇ ಎರಡು ಬೇರೆ ಕೋಣೆ ಕಟ್ಟಿದಂತೆ, ಒಬ್ಬರ ಸಾಮಾನು ಇನ್ನೊಬ್ಬರ ತಂಟೆಗೆ ಹೋಗದಂತೆ ಇಟ್ಟಿದ್ದೆ.

"ಎರಡು ಒಲಿ ಹೂಡಿದಂಗಣ್ಣಾ," ಎಂದು ತಿಳಿಸಿ ಹೇಳಿದೆ. ಅವನು ಮುಖ ಗಂಟಿಕ್ಕಿದ. ಅಪ್ಪ ಹೋದಾಗಿನಿಂದ ಮನೆ ಒಡೆಯಬಾರದೆಂದು ಹಟ ಹಿಡಿದವನು. ಒಂದು ಮನೆಯಲ್ಲಿ ಎರಡು ಒಲೆ ಅಂದರೆ ಅವನಿಗೆ ಅಪಶಕುನ.

"ಗಂಡಾ-ಹೆಂಡ್ತಿ ಕೆಲಸಕ್ಕ ಬ್ಯಾರೆ ಒಲಿ ಯಾಕೋ? ಎಲ್ಲಾ ಒಂದ ಕಡೆ ಇರಲಿ," ಎಂದ. ನಾನು ಬೈಲಹೊಂಗಲಕ್ಕೆ ಹೋಗಿದ್ದ ದಿನ, ಯಾವುದೋ ವಿಡಿಯೋ ನೋಡುತ್ತ, ಫೋಟೋದ ಸಾಮಾನೆಲ್ಲ ವೈನಿಯ ಎನ್ವಿರಾನ್‌ಮೆಂಟಿಗೆ ತಂದು ಸುರಿದ.

ಮರುದಿನ ಬೆಳಿಗ್ಗೆ ಹೂಲಿಯಿಂದ ಕರೆ ಬಂತು. ಮುದುಕಿ ಇವತ್ತೋ ನಾಳೆಯೋ ಎನ್ನುವಂತಿದ್ದಳು. ಸವದತ್ತಿಯ ನಮ್ಮ ಮನೆಯಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಓಡಿದೆವು. ಹಾಸಿಗೆಯ ಪಕ್ಕ ಕುಳಿತು ವೈನಿ ಟೈಪ್ ಮಾಡಿದರು. ಪರದೆಯ ಮೇಲೆ ಕೆಂಪು ಅಕ್ಷರ ಬಂದವು, ದನಿ ಬರಲಿಲ್ಲ. ನೋಡಿದರೆ ಹಳೆಯ ಲೈಬ್ರರಿಯೇ ಇಲ್ಲ. ಹೊಸ ಎನ್ವಿರಾನ್‌ಮೆಂಟ್ ಮಾಡಿ ಅದನ್ನು ಮತ್ತೆ ಇಳಿಸಿಕೊಳ್ಳತೊಡಗಿದೆ. ನೆಟ್‌ವರ್ಕ್ ತೆವಳುತ್ತಿತ್ತು. ಅಣ್ಣನ ಕಪಾಳಕ್ಕೆ ಬಾರಿಸಬೇಕೆನಿಸಿತು.

ವೈನಿ ತಾಯಿಯ ಕೈ ಹಿಡಿದುಕೊಂಡರು.

"ಯಾರಿದು?"

"ನಿಮ್ಮ ಮಗಳ್ರೀ ಅತ್ತಿ," ಎಂದ ಅಣ್ಣ.

"ನನ್ನ ಮಗಳಾಗಿದ್ರ ಮಾತಾಡ್ತಿದ್ಲು. ಸುಳ್ಳ ಹೇಳಬ್ಯಾಡ್ರಿ, ಆಕೀನ ಕರೀರಿ," ಎಂದು ಮುದುಕಿ ಕೈ ಕಿತ್ತುಕೊಂಡಳು. ಆಗಲಾದರೂ ನಿಜ ಹೇಳಬಹುದಿತ್ತು. ಯಾರೂ ಬಾಯಿ ಬಿಡಲಿಲ್ಲ.

ಲೈಬ್ರರಿ ಇಳಿಯುವ ಹೊತ್ತಿಗೆ ಹೆಂಗಸರು ಅಳಲು ಶುರುಮಾಡಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ವೈನಿ ನನ್ನ ಕೈ ಸರಿಸಿ, ಟೈಪ್ ಮಾಡಿ, ಅಣ್ಣನ ಮುಖ ನೋಡಿದರು. ಅಳುವಿನ ನಡುವೆ ಅವರ ಆಪರೇಷನ್ನಿಗೆ ಮೊದಲಿನ ಗಟ್ಟಿ ದನಿ ಕೇಳಿಸಿತು:

"ಮಗಳು ಬರಲಿಲ್ಲಂತ ತಿಳಕೊಂಡ ಹೋದ್ಲು ನಮ್ಮವ್ವ."