ಬೆನಕಪ್ಪನ ಬೀರು ಮತ್ತು ನಾನೂರ ಹನ್ನೆರಡು ಪುಸ್ತಕ

ಚನ್ನಗಿರಿಯ ಅಡಿಕೆ ಮಂಡಿಗಳಲ್ಲಿ ಬೆನಕಪ್ಪನ ಮೂಗಿಗೆ ಇದ್ದ ಮರ್ಯಾದೆ ಅವನ ಮಿಕ್ಕ ಮೈಗೆ ಇರಲಿಲ್ಲ. ಮೂವತ್ತೆಂಟು ವರ್ಷ ಅವನ ಕೆಲಸ ಒಂದೇ, ಬಂದ ಮಾಲು ನೋಡುವುದು. ಚೀಲದ ಬಾಯಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ. ಒಂದೊಂದನ್ನು ಅಡಕತ್ತರಿಗೆ ಕೊಟ್ಟು ಮೂಗಿನ ಹತ್ತಿರ ಹಿಡಿದನೆಂದರೆ, ಆ ಅಡಿಕೆ ಯಾವ ಬಾವಿಯ ನೀರು ಕುಡಿದದ್ದು, ಬೇಯಿಸಿದ ದಿನ ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡುತ್ತಿದ್ದರೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದ. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಹಸಿ ಅಡಿಕೆ ಹೆದರಿ ತಾನಾಗಿಯೇ ಒಣಗುತ್ತಿತ್ತು ಎಂದು ಹಮಾಲರು ಹೇಳುತ್ತಾರೆ. ಹಮಾಲರು ಸುಳ್ಳು ಹೇಳುವವರಲ್ಲ, ಅದಕ್ಕೆ ಅವರಿಗೆ ಬಿಡುವಿಲ್ಲ.

ಇಂಥ ಬೆನಕಪ್ಪನಿಗೆ ಓದುವ ಹುಚ್ಚು. ಓದಿದ ಪುಸ್ತಕಗಳು ನಾನೂರ ಹನ್ನೆರಡು, ಎಲ್ಲವೂ ನಡುಮನೆಯ ಉಕ್ಕಿನ ಬೀರುವಿನಲ್ಲಿ. ಆ ಬೀರು ಎಷ್ಟು ಭಾರವೆಂದರೆ ಅದನ್ನಿಟ್ಟ ಮೇಲೆ ಇಡೀ ಮನೆ ಹೊನ್ನಾಳಿ ಕಡೆಗೆ ಎರಡು ಅಂಗುಲ ವಾಲಿದೆ. ಬೀದಿಯವರು ಬೆನಕಪ್ಪನನ್ನು ಪಂಡಿತನೆಂದೇ ತಿಳಿದಿದ್ದರು. ಬೆನಕಪ್ಪನಿಗೂ ಅದರಲ್ಲಿ ಅನುಮಾನವಿರಲಿಲ್ಲ.

ಮಂಡಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಅವನಿಗೆ ಅರವತ್ತಾರು ತುಂಬಿದ ವರ್ಷ ಸೊಸೆ ಪ್ರೇಮಲತಾ ಹೊಲಿಗೆ ಶುರು ಮಾಡಿದಳು. ಬೀದಿಯ ರವಿಕೆಗಳೆಲ್ಲ ಇವರ ಮನೆಗೇ ಬರತೊಡಗಿ, ಇನ್ನೊಂದು ಮಿಶಿನ್ ಇಡಲು ಜಾಗ ಬೇಕಾಯಿತು. ನಡುಮನೆಯಲ್ಲಿ ಇದ್ದದ್ದು ಬೀರುವಿನ ಜಾಗವೊಂದೇ. ಮಾವನ ಮುಂದೆ ಹೇಳುವುದು ಹೇಗೆಂದು ಅವಳು ಅತ್ತೆಯ ಮುಂದೆ ಹೇಳಿದಳು. ಅತ್ತೆ ಶಂಕ್ರಮ್ಮ ಯಾರ ಮುಂದೆ ಏನು ಹೇಳಲೂ ಅಂಜುವವಳಲ್ಲ.

"ರೀ, ಈ ಪುಸ್ತಕ ಎಲ್ಲಾ ರದ್ದಿ ಗಾಡಿಗೆ ಹಾಕೋಣ. ಹೆಂಗೂ ಓದಿ ಆಗೈತಲ್ಲ?"

"ಓದಿ ಆದ್ರೇನು? ಅದ್ರಾಗಿರೋ ಜ್ಞಾನ ಎಲ್ಲಿಗೆ ಹೋಗತೈತೆ?"

"ಅದನ್ನೇ ನಾನೂ ಕೇಳಾಕ್ಹತ್ತೀನಿ. ಜ್ಞಾನ ತಲೆಯಾಗಿದ್ರೆ ಬೀರು ಬ್ಯಾಡ. ಬೀರಿನಾಗೇ ಇದ್ರೆ ತಲೆ ಬ್ಯಾಡ." ಶಂಕ್ರಮ್ಮ ಕಣ್ಣು ಮುಚ್ಚಿಕೊಂಡು ಒಂದು ಪುಸ್ತಕ ಎಳೆದಳು. "ಹೇಳ್ರಿ ನೋಡೋಣ, ಇದ್ರಾಗೆ ಏನೈತೆ?"

ಬೆನಕಪ್ಪ ಪುಸ್ತಕ ನೋಡಿದ. ಪುಸ್ತಕವೂ ಅವನನ್ನು ನೋಡಿತು. ಇಬ್ಬರಿಗೂ ಗುರುತು ಹತ್ತಲಿಲ್ಲ.

"ಒಳ್ಳೇ ಮಾಲು," ಅಂದ.

"ಇದು?"

"ಇದೂ ಒಳ್ಳೇದೇ. ನಡುವೆ ಸ್ವಲ್ಪ ಜೊಳ್ಳು."

ಪ್ರೇಮಲತಾ ಪುಸ್ತಕದ ಕೊನೆಯ ಹಾಳೆ ತಿರುವಿದಳು. ಅಲ್ಲಿ ಮಾವನ ರುಜು, ತಾರೀಕು, ಕೆಳಗೆ "ಒಂದನೇ ದರ್ಜೆ, ಹಸಿ ಇಲ್ಲ" ಎಂಬ ಷರಾ. ಇನ್ನೊಂದರಲ್ಲಿ "ಎರಡನೇ ದರ್ಜೆ, ತಳದಲ್ಲಿ ಕಸ". ಅವಳು ಮತ್ತೂ ಒಂದು ವಿಷಯ ಗಮನಿಸಿದಳು. ಪ್ರತಿ ಪುಸ್ತಕದಲ್ಲೂ ಮೊದಲ ಹತ್ತು ಹಾಳೆ, ನಡುವಿನ ಹತ್ತು, ಕೊನೆಯ ಹತ್ತು ಮಾತ್ರ ಬೆರಳಿನ ಕಲೆಯಿಂದ ಮಾಸಿದ್ದವು. ಉಳಿದವು ಅಂಗಡಿಯಿಂದ ಬಂದ ಹಾಗೇ ಬೆಳ್ಳಗಿದ್ದವು.

"ಮಾವಾರೆ, ಪುಸ್ತಕಾನೂ ಚೀಲದಂಗೆ ನೋಡೀರಾ?"

ಬೆನಕಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮತ್ತೆ ಹೆಂಗೆ ನೋಡೋದು? ಚೀಲದಾಗಿರೋ ಅಡಿಕೇನೆಲ್ಲ ಒಂದೊಂದಾಗಿ ಕತ್ತರಿಸಿ ನೋಡಾಕೆ ಆಗತೈತೇನವ್ವಾ?"

ಅತ್ತೆ ಸೊಸೆ ನಕ್ಕ ನಗುವಿಗೆ ಮಿಶಿನ್ನಿನ ದಾರ ತುಂಡಾಯಿತು. ಶಂಕ್ರಮ್ಮ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. "ಒಂದು ತಿಂಗಳು ಟೈಮು. ಒಂದೇ ಒಂದು ಪುಸ್ತಕ ಮೊದಲಿಂದ ಕೊನೇವರೆಗೆ ನಮ್ಮ ಮುಂದೆ ಹೇಳ್ರಿ. ಹೇಳಿದ್ರೆ ಬೀರು ಇಲ್ಲೇ ಇರತೈತೆ. ಇಲ್ಲಾಂದ್ರೆ ಅಮಾಸೆ ಮಾರನೇ ದಿನ ರದ್ದಿ ಗಾಡಿ."

ಬೆನಕಪ್ಪ ಬೀರುವಿಗೆ ಒರಗಿ ಕೂತ. ಮೂವತ್ತೆಂಟು ವರ್ಷ ಊರಿನ ಮಾಲಿಗೆಲ್ಲ ದರ್ಜೆ ಕೊಟ್ಟವನಿಗೆ ಮನೆಯವರೇ ಜೊಳ್ಳು ಎಂದು ಷರಾ ಬರೆದಂತಾಗಿತ್ತು.

ಮರುದಿನವೇ ಒಂದು ದಪ್ಪ ಕಾದಂಬರಿ ಆರಿಸಿ ಕೂತ. ಗೌರವ್ವ ಎಂಬ ವಿಧವೆಯೊಬ್ಬಳು ತನ್ನ ಹೊಲದಲ್ಲಿ ಒಬ್ಬಳೇ ಬಾವಿ ತೋಡುವ ಕಥೆ. ಮುಖ್ಯವಾದ ಸಾಲಿಗೆ ಗೆರೆ ಎಳೆದರೆ ನೆನಪು ನಿಲ್ಲುತ್ತದೆಂದು ಯಾರೋ ಹೇಳಿದ್ದರು. ಕೆಂಪು ಪೆನ್ನು ಹಿಡಿದ. ಮುಖ್ಯವಲ್ಲದ ಸಾಲು ಒಂದೂ ಸಿಗಲಿಲ್ಲ. ಎರಡು ಪೆನ್ನು ಮುಗಿದು, ಮೂವತ್ತು ಪುಟ ಮೆಣಸಿನಕಾಯಿ ಕಣದಂತೆ ಕಂಡಿತು, ತಲೆಯಲ್ಲಿ ಮಾತ್ರ ಏನೂ ಉಳಿಯಲಿಲ್ಲ. ಆಮೇಲೆ ಗುರುತಿನ ಚೀಟಿ ಅಂಟಿಸಬೇಕೆಂದು ಕೇಳಿ, ಚೀಟಿ ಸಿಗದೆ ಸೊಸೆಯ ಸ್ಟಿಕ್ಕರ್ ಬಿಂದಿ ಅಂಟಿಸಿದ. ಮೂರು ದಿನಕ್ಕೆ ಪುಸ್ತಕ ಮದುವೆ ಹೆಣ್ಣಿನಂತೆ ಸಿಂಗಾರವಾಯಿತು. ಪ್ರೇಮಲತಾ ಬರೀ ಹಣೆಯಲ್ಲಿ ಸಂತೆಗೆ ಹೋಗಬೇಕಾಯಿತು.

ಹದಿನೈದು ದಿನ ಹೀಗೇ ಕಳೆಯಿತು. ಚಿಂತೆ ಹತ್ತಿದಾಗ ಬೆನಕಪ್ಪನ ಕಾಲು ತಾನಾಗಿಯೇ ಮಂಡಿಯ ದಾರಿ ಹಿಡಿಯುತ್ತಿತ್ತು. ಅಲ್ಲಿ ಹಿತ್ತಲ ಅಂಗಳದಲ್ಲಿ ಹೆಂಗಸರು ಕೂತು ಅಡಿಕೆ ಆರಿಸುತ್ತಿದ್ದರು. ಅವರಿಗೆಲ್ಲ ಹಿರಿಯಳು ಜಗಳೂರ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತ ದುರುಗಕ್ಕ. ಅವಳ ಕೈ ಅಡಿಕೆಯ ಮೇಲೆ, ಬಾಯಿ ಊರಿನ ಮೇಲೆ.

"ಏನ್ ಬೆನಕಪ್ಪಣ್ಣಾ, ಮುಖ ಒಣಗಿದ ಚಾಲಿ ಅಡಿಕೆ ಆಗೈತಲ್ಲ?"

ಬೆನಕಪ್ಪ ತನ್ನ ಸಂಕಟ ಹೇಳಿಕೊಂಡ. ಹಾಗೇ ಅಭ್ಯಾಸವಾಗಲಿ ಎಂದು ಬಾವಿಯ ಕಥೆಯನ್ನೂ ಹೇಳಿದ. ಗೌರವ್ವ ಗುದ್ದಲಿ ಹಿಡಿದಳು, ಮೈದುನ ಹೊಲ ನನ್ನದೆಂದು ಕೋರ್ಟಿಗೆ ಹೋದ, ಕೊನೆಗೆ ನೀರು ಬಿತ್ತು, ಮೊದಲ ಚೊಂಬು ಆ ಮೈದುನನಿಗೇ ಕೊಟ್ಟಳು. ಮುಗಿಯಿತು. ಒಂದು ನಿಮಿಷವೂ ಹಿಡಿಯಲಿಲ್ಲ.

ದುರುಗಕ್ಕನ ಕೈ ನಿಂತಿತು. ಮಂಡಿಯ ಇತಿಹಾಸದಲ್ಲಿ ಅದು ನಿಂತದ್ದು ಅದೇ ಮೊದಲು. "ಎಷ್ಟು ಗಜಕ್ಕೆ ನೀರು ಬಿತ್ತು?"

"ಅದು... ಬಿತ್ತು."

"ನಡುವೆ ಬಂಡೆ ಸಿಗ್ಲಿಲ್ವಾ? ನಮ್ಮ ಕಡೆ ಬಂಡೆ ಸಿಗದೆ ಬಾವಿ ಆದದ್ದೇ ಇಲ್ಲ. ಹೋಗ್ಲಿ, ಹೊಲ ಕಸ್ಕಳ್ಳಾಕೆ ಬಂದೋನಿಗೆ ಮೊದಲ್ನೇ ಚೊಂಬು ಯಾಕ್ ಕೊಟ್ಲು? ಅವಳಿಗೇನು ತಲೆ ಕೆಟ್ಟಿತ್ತಾ?"

ಉತ್ತರ ಇದ್ದದ್ದು ಬೆಳ್ಳಗಿನ ಹಾಳೆಗಳಲ್ಲಿ.

"ನಾಳೆ ಹೇಳ್ತೀನಿ," ಅಂದು ಮನೆಗೆ ಓಡಿದ.

ಅಂದಿನಿಂದ ಅವನ ಓದೇ ಬೇರೆಯಾಯಿತು. ಒಂದು ಪುಟ ಹಾರಿಸಲು ಹೋದರೆ ಕಿವಿಯಲ್ಲಿ ದುರುಗಕ್ಕ "ಅಲ್ಲೇನಾತು?" ಎಂದು ಗದರುತ್ತಿದ್ದಳು. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಅಂಗಳದಲ್ಲಿ ಹೇಳುವುದು, ಹೆಂಗಸರು ಅಡ್ಡ ಬಾಯಿ ಹಾಕುವುದು, ಇವನು ತಡವರಿಸುವುದು, ಮತ್ತೆ ಮನೆಗೆ ಹೋಗಿ ಅದೇ ಪುಟ ತೆಗೆಯುವುದು. ಒಬ್ಬಳು ಗೌರವ್ವನ ಗುದ್ದಲಿಯ ಕಾವು ಯಾವ ಮರದ್ದೆಂದು ಕೇಳಿದಳು. ಅದು ಪುಸ್ತಕದಲ್ಲೇ ಇರಲಿಲ್ಲ. ಬೆನಕಪ್ಪ ಒಂದು ದಿನವೆಲ್ಲ ಯೋಚಿಸಿ ಜಾಲಿ ಎಂದು ತೀರ್ಮಾನಿಸಿದ. ಯಾರೂ ತಕರಾರು ಮಾಡಲಿಲ್ಲ.

ಹನ್ನೆರಡನೇ ದಿನ, ಮೊದಲ ಚೊಂಬು ಮೈದುನನಿಗೇ ಯಾಕೆಂಬ ದುರುಗಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತು. ಓದಿ ಬೆನಕಪ್ಪ ಪುಸ್ತಕ ಮಡಿಚಿಟ್ಟ. ಆ ದಿನ ಮಂಡಿಗೆ ಹೋಗಲಿಲ್ಲ.

ಅಮಾವಾಸ್ಯೆಯ ದಿನ ಊಟಕ್ಕೆ ಮುಂಚೆ ಪರೀಕ್ಷೆ. ಶಂಕ್ರಮ್ಮ ಮಣೆಯ ಮೇಲೆ, ಪ್ರೇಮಲತಾ ಮಿಶಿನ್ನಿನ ಮುಂದೆ. ಬೆನಕಪ್ಪ ಶುರು ಮಾಡಿದ. ಬಂಡೆ ಸಿಕ್ಕಿದ್ದು, ಗುದ್ದಲಿ ಮುರಿದದ್ದು, ಊರವರು ದಂಡೆಯ ಮೇಲೆ ನಿಂತು ನಕ್ಕದ್ದು. ಮಿಶಿನ್ ನಿಂತಿತು. ಅನ್ನ ತಳ ಹಿಡಿದ ವಾಸನೆ ಬಂತು, ಯಾರೂ ಏಳಲಿಲ್ಲ.

"ಹದಿನಾರು ಗಜ ಇಳಿದಾಗ ಬಾವಿ ದಂಡೆ ಕುಸೀತು. ಗೌರವ್ವ ಒಳಗೆ. ನಕ್ಕೋರೆಲ್ಲ ಹಿಂದೆ ಸರಿದ್ರು. ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳಿದೋನು ಒಬ್ನೇ, ಆ ಮೈದುನ. ಮಣ್ಣು ಬಗೆದು ಅವಳನ್ನ ಮೇಲಕ್ಕೆ ತಂದ. ತಂದು, ಕೈಕಾಲು ತೊಳಕೊಂಡು, ಮಧ್ಯಾಹ್ನದ ಬಸ್ಸಿಗೆ ಕೋರ್ಟಿಗೆ ಹೋಗಿ ಅವಳ ಮೇಲೇ ಸಾಕ್ಷಿ ಹೇಳಿದ."

"ಅಯ್ಯೋ ಅವನ ಮನೆ ಹಾಳಾಗ!" ಅಂದಳು ಶಂಕ್ರಮ್ಮ. "ಆಮೇಲೆ?"

ಬೆನಕಪ್ಪ ಹೊನ್ನಾಳಿ ಕಡೆಗೆ ವಾಲಿದ ಗೋಡೆ ನೋಡಿದ. ಹೊನ್ನಾಳಿಯಲ್ಲಿ ಅವನ ತಮ್ಮ ಮೂಕಪ್ಪ ಇದ್ದ. ಒಂಬತ್ತು ವರ್ಷದ ಹಿಂದೆ ಬೆನಕಪ್ಪನಿಗೆ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದಾಗ ತೋಳು ಚಾಚಿ ರಕ್ತ ಕೊಟ್ಟವನು ಅವನೇ. ಮುಂದಿನ ವಾರ ಟ್ರ್ಯಾಕ್ಟರ್ ತಂದು, ಅಪ್ಪನ ತೇಗದ ಮಂಚವನ್ನು ಹೇಳದೆ ಕೇಳದೆ ಹೊತ್ತುಕೊಂಡು ಹೋದವನೂ ಅವನೇ. ಬೆನಕಪ್ಪ ಮಂಚವೊಂದನ್ನೇ ನೆನಪಿಟ್ಟುಕೊಂಡು, ಅಂದಿನಿಂದ ಮಾತು ಬಿಟ್ಟಿದ್ದ. ತಮ್ಮನನ್ನೂ ಒಂದು ಹಿಡಿ ತೆಗೆದೇ ದರ್ಜೆ ಕೊಟ್ಟಿದ್ದ.

"ಮೊದಲ್ನೇ ಚೊಂಬು ಅವನಿಗೇ ಕೊಟ್ಲು," ಎಂದು ಮುಗಿಸಿದ. "ಅಷ್ಟೇ."

ಶಂಕ್ರಮ್ಮ ಗಂಡನ ಮುಖ ನೋಡಿದಳು. ನಲವತ್ತು ವರ್ಷದ ಸಂಸಾರ, ಅವಳೇನು ಮೂರು ಹಿಡಿ ತೆಗೆದು ನೋಡಿದವಳಲ್ಲ.

"ಪಾಸು," ಅಂದಳು. "ಬೀರು ಇರ್ಲಿ. ಆದ್ರೆ ಉಳಿದದ್ದೂ ಹಿಂಗೇ ಹೇಳ್ಬೇಕು, ತಿಂಗಳಿಗೊಂದು. ಹೊಸಾ ಮಿಶಿನ್ ಪಡಸಾಲೆಗೆ ಇಡಾನ."

ಪ್ರೇಮಲತಾ ಬೆರಳು ಮಡಿಚಿ ಲೆಕ್ಕ ಹಾಕಿದಳು. "ನಾನೂರ ಹನ್ನೊಂದು ತಿಂಗಳು. ಮಾವಾರೆ, ನಿಮಗೆ ನೂರು ತುಂಬೋವರೆಗೂ ಸಾಯಾಕೆ ಪುರುಸೊತ್ತಿಲ್ಲ."

"ಕೇಳೋರು ಬೇಕಲ್ಲ, ನಿಮ್ಮತ್ತೇನೂ ಇರ್ಬೇಕಾಗತೈತೆ," ಅಂದ ಬೆನಕಪ್ಪ.

"ನನ್ನ ವಿಷ್ಯ ಆಮೇಲೆ." ಶಂಕ್ರಮ್ಮ ಮೊಬೈಲ್ ತಂದು ಅವನ ಕೈಗಿಟ್ಟಳು. "ಮೊದ್ಲು ಹೊನ್ನಾಳಿಗೆ ಹಚ್ರಿ."

ನಂಬರು ಹಳೆಯದೇ ಇತ್ತು. ನಾಲ್ಕು ಸಲ ರಿಂಗಾಯಿತು. ಆ ಕಡೆಯಿಂದ ಗಾಬರಿಯ ದನಿ ಬಂತು.

"ಅಣ್ಣಾ? ಯಾರು ಹೋದ್ರು?"

"ಯಾರೂ ಹೋಗಿಲ್ಲೋ ಮೂಕಪ್ಪ," ಅಂದ ಬೆನಕಪ್ಪ. "ಒಂದು ಪುಸ್ತಕ ಓದ್ದೆ."